ಗೋಡೆಯ ಪ್ಲಗ್ಗಿನಲ್ಲಿ ಪಾಸಾದ ಪರೀಕ್ಷೆ

ಪರೀಕ್ಷೆ ಪಾಸಾಯಿತೆಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಕಂಟೇನರಿನ ಸುತ್ತ ನಡೆಯುತ್ತಿದ್ದೆ. ಸಹಿ ಹಾಕುವ ಮೊದಲು ಯಂತ್ರಕ್ಕೆ ಒಂದು ಸುತ್ತು ಬರುವುದು, ಒಳಗೆ ಹೋಗುವ ಪ್ರತಿ ಕೇಬಲ್ಲಿನ ಮೇಲೆ ಕೈಯಿಟ್ಟು ಅದರ ಇನ್ನೊಂದು ತುದಿಯನ್ನು ಕಣ್ಣಾರೆ ನೋಡುವುದು ನನ್ನ ಪದ್ಧತಿ. ಹುಬ್ಬಳ್ಳಿಯ ವಿದ್ಯುತ್ ಸ್ವೀಕರಣಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಬೈದು ಕಲಿಸಿದ್ದು. ಮಂಡಿ ನೋವು ಶುರುವಾದ ಮೇಲೂ ಬಿಟ್ಟಿಲ್ಲ.

ಮೂರು ಬದಿ ಸರಿಯಿತ್ತು. ನಾಲ್ಕನೆಯ ಬದಿಯಲ್ಲಿ, ನೆಲಕ್ಕೆ ಅಂಟಿಕೊಂಡ ಹಾಗೆ, ಕಿತ್ತಳೆ ಬಣ್ಣದ ಒಂದು ಎಕ್ಸ್‌ಟೆನ್ಶನ್ ವೈರು ಹೊರಟಿತ್ತು. ಅದನ್ನು ಹಿಂಬಾಲಿಸಿದೆ. ಪರೀಕ್ಷೆಗೆ ಕಂಟೇನರನ್ನು ತಣಿಸಿಟ್ಟಿದ್ದ ಶೀತಕೋಣೆಯ ಗೋಡೆಯ ಸಣ್ಣ ತೂತಿನಿಂದ ಹೊರಬಂದು, ಸಲಕರಣೆಗಳ ಕಪಾಟಿನ ಹಿಂದೆ ಹಾದು, ಅದು ಕಾರ್ಖಾನೆಯ ಗೋಡೆಯ ಪ್ಲಗ್ಗಿಗೆ ಹೋಗಿ ಸೇರಿತ್ತು.

"ಇದು ಯಾತರದ್ದು?" ಎಂದು ಟೆಕ್ನಿಷಿಯನ್ನನ್ನು ಕೇಳಿದೆ. ಟೊರಾಂಟೊ ಹತ್ತಿರದ ಈ ಒಶಾವಾದಲ್ಲೇ ಹುಟ್ಟಿ, ಇಲ್ಲಿನ ಕಾರು ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ. ಕೆಲಸಗಾರನೂ ಹೌದು, ಕರುಣೆಯವನೂ ಹೌದು.

"ಅದಾ? ಒಳಗಿನ ಹೀಟರಿಂದು. ಚಳಿಯಲ್ಲಿ ಹೊರಗೆ ನಿಲ್ಲೋ ಗಾಡಿಗೆ ಪ್ಲಗ್ ಹಾಕ್ತೀವಲ್ಲ, ಹಾಗೆ. ಪಾಪ, ಮೂರು ದಿನ ಮೈನಸ್ ನಲವತ್ತರಲ್ಲಿ ನಿಂತಿರುತ್ತೆ ಅಂತ ಹಾಕಿದೆ."

ಚಳಿಗಾಲದಲ್ಲಿ ಇಂಜಿನ್ನು ಹೆಪ್ಪುಗಟ್ಟಬಾರದೆಂದು ಕಾರಿನ ಮೂತಿಯಿಂದ ಒಂದು ವೈರು ಎಳೆದು ಮನೆಯ ಗೋಡೆಗೆ ಸಿಕ್ಕಿಸುವುದು ಈ ದೇಶದ ಅಭ್ಯಾಸ. ಅವನು ಅದನ್ನೇ ಮಾಡಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆಮೇಲೆ.

ಆ ಕಂಟೇನರಿನೊಳಗೆ ಇದ್ದದ್ದು ಬ್ಯಾಟರಿಗಳು, ಅವನ್ನು ಆಳುವ ಒಂದು ಕಂಪ್ಯೂಟರು. ಅದು ಹೋಗಬೇಕಿದ್ದದ್ದು ಆಂಟೇರಿಯೊದ ಉತ್ತರದ ಕೊನೆಯ, ಮೂಲನಿವಾಸಿಗಳ ಒಂದು ಊರಿಗೆ. ಆ ಊರಿಗೆ ರಸ್ತೆಯಿಲ್ಲ, ವಿಮಾನವೇ ಗತಿ. ಚಳಿಗಾಲದಲ್ಲಿ ಮಾತ್ರ ಕೆರೆ, ಹೊಳೆ, ಜೌಗು ಎಲ್ಲ ಹೆಪ್ಪುಗಟ್ಟಿದ ಮೇಲೆ ಆ ಮಂಜುಗಡ್ಡೆಯ ಮೇಲೆಯೇ ಕೆಲವು ವಾರ ಲಾರಿ ಓಡುವ ದಾರಿಯಾಗುತ್ತದೆ. ಊರಿನ ಕರೆಂಟು ಹಳೆಯ ಡೀಸೆಲ್ ಜನರೇಟರಿನದು. ಅದರ ಶಕ್ತಿ ಎಷ್ಟೋ ಅಷ್ಟೂ ಈಗಿರುವ ಮನೆಗಳಿಗೇ ಸಾಲುತ್ತಿಲ್ಲ. ಹೊಸ ಮನೆಗಳು ಕಟ್ಟಿ ಮುಗಿದಿವೆ, ಕನೆಕ್ಷನ್ ಕೊಡುವಂತಿಲ್ಲ. ಮನೆಗಳು ಖಾಲಿ ಬಿದ್ದಿವೆ, ಒಂದೊಂದು ಹಳೆಯ ಮನೆಯಲ್ಲಿ ಎರಡು ಮೂರು ಸಂಸಾರ ತುಂಬಿಕೊಂಡಿವೆ. ಹಿಂದಿನ ಬೇಸಿಗೆಯಲ್ಲಿ ಸೌರ ಫಲಕಗಳನ್ನು ವಿಮಾನದಲ್ಲಿ ಸಾಗಿಸಿ ನಿಲ್ಲಿಸಿದ್ದಾಗಿತ್ತು. ಬ್ಯಾಟರಿ ಬಂದರೆ ಡೀಸೆಲ್ಲಿನ ಹೊರೆ ಇಳಿಯುತ್ತದೆ, ಹೊಸ ಮನೆಗಳಿಗೆ ದೀಪ ಬರುತ್ತದೆ. ಬ್ಯಾಟರಿಯ ತೂಕ ವಿಮಾನಕ್ಕೆ ಆಗದು. ಮಂಜಿನ ದಾರಿ ಮುಚ್ಚುವುದರೊಳಗೆ ಹೋಗದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಪರೀಕ್ಷೆಗೆ ಸಾಕ್ಷಿಯಾಗಿ ನಿಂತು, ಆದದ್ದನ್ನು ಆದ ಹಾಗೆ ಬರೆದು ಸಹಿ ಹಾಕುವುದಷ್ಟೇ ನನ್ನ ಕೆಲಸ. ನಿವೃತ್ತಿಯಾದ ಮೇಲೆ ಸ್ಟೌಫ್‌ವಿಲ್ಲಿನ ಮನೆಯಿಂದ ಇಂಥ ಕೆಲಸಕ್ಕೆ ಕರೆದಾಗ ಹೋಗುತ್ತೇನೆ. ಪರೀಕ್ಷೆಯ ಪ್ರಶ್ನೆ ಸರಳವಾಗಿತ್ತು: ಕಡುಚಳಿಯಲ್ಲಿ ಊರಿನ ಕರೆಂಟು ಪೂರ್ತಿ ಹೋಗಿ ಎಲ್ಲವೂ ತಣ್ಣಗಾದ ಮೇಲೆ, ಈ ಯಂತ್ರ ಹೊರಗಿನ ಯಾವ ಸಹಾಯವೂ ಇಲ್ಲದೆ ತಾನೇ ಎದ್ದು ಕೂರುತ್ತದೆಯೇ?

ಪ್ರಾಜೆಕ್ಟ್ ಮ್ಯಾನೇಜರು ನಮ್ಮ ಕಡೆಯವರೇ, ಮೈಸೂರಿನವರು. ನಲವತ್ತರ ವಯಸ್ಸು, ಚುರುಕು, ಎರಡು ಫೋನು. ಮಾಮೂಲಿಗೆ ನನ್ನನ್ನು ಮೇಡಂ ಎನ್ನುತ್ತಾರೆ. ಏನಾದರೂ ಬೇಕಾದಾಗ ಆಂಟಿ ಎನ್ನುತ್ತಾರೆ.

"ಈ ಪರೀಕ್ಷಾ ಆಗಿಲ್ಲಪಾ. ಮತ್ತೊಮ್ಮೆ ಮಾಡಬೇಕು," ಎಂದೆ.

"ಅಯ್ಯೋ ಆಂಟಿ, ಒಂದು ವೈರು ತಾನೆ?"

"ಒಂದು ವೈರು ಅಲ್ಲ. ಆ ವೈರಿನ ತುದಿಗೆ ಇಡೀ ಆಂಟೇರಿಯೊದ ಗ್ರಿಡ್ಡು ಅದ. ಆ ಊರಾಗ ಇಂಥಾ ಗ್ವಾಡಿ ಇಲ್ಲ."

"ಅಲ್ಲೂ ಡೀಸೆಲ್ ಇರುತ್ತಲ್ವಾ? ಹೀಟರ್‌ಗೆ ಅದರಿಂದ ಕರೆಂಟು ಬರುತ್ತೆ."

"ಡೀಸೆಲ್ ನಿಂತಾಗ ಏನಾಗತದ ಅನ್ನೋದೇ ಪರೀಕ್ಷಾ. ಡೀಸೆಲ್ ಅದ ಅಂತ ಹಿಡಕೊಂಡು ಕೂತರ ಏನ ಪರೀಕ್ಷಾ ಮಾಡಿದಂಗಾತು?"

ಅವರು ಗಡಿಯಾರ ನೋಡಿದರು. ಮತ್ತೆ ತಣಿಸಲು ಮೂರು ದಿನ. ಲಾರಿ ಬುಕ್ ಆಗಿದೆ. ಈ ವರ್ಷ ಚಳಿ ತಡವಾಗಿ ಬಂದು ಮಂಜಿನ ದಾರಿಯೇ ತಡವಾಗಿ ತೆರೆದಿದೆ, ಬೇಗ ಮುಚ್ಚುವ ಸೂಚನೆಯೂ ಇದೆ. ಇವೆಲ್ಲ ನಿಜವೇ. ನಿಜವೆಂದ ಮಾತ್ರಕ್ಕೆ ಆಗದ ಪರೀಕ್ಷೆ ಆದಂತಾಗುವುದಿಲ್ಲ. ನಾನು ಗೋಡೆಯ ಬಳಿಗೆ ಹೋಗಿ ಪ್ಲಗ್ಗನ್ನು ಕಿತ್ತು, ವೈರನ್ನು ಸುತ್ತಿ, ನನ್ನ ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದೆ.

ಎರಡನೆಯ ಪರೀಕ್ಷೆಯ ದಿನ ಶೀತಕೋಣೆಯ ಕಿಟಕಿಗೆ ಮೂಗು ಹಚ್ಚಿಕೊಂಡು ಎಲ್ಲರೂ ನಿಂತಿದ್ದೆವು. ಟೆಕ್ನಿಷಿಯನ್ ಗುಂಡಿ ಒತ್ತಿದ. ಕಂಪ್ಯೂಟರಿನ ಒಂದು ಸಣ್ಣ ದೀಪ ಮಿಣುಕಿತು. ಬ್ಯಾಟರಿ, ತಾನು ತಣ್ಣಗಿದ್ದೇನೆ, ಶೂನ್ಯಕ್ಕಿಂತ ಮೇಲೆ ಬಾರದೆ ಕೆಲಸ ಮಾಡಲಾರೆ ಎಂದಿತು. ಅದನ್ನು ಬೆಚ್ಚಗೆ ಮಾಡಬೇಕಾದ ಹೀಟರು, ತನಗೆ ಕರೆಂಟಿಲ್ಲ ಎಂದಿತು. ಕರೆಂಟು ಕೊಡಬೇಕಾದದ್ದು ಬ್ಯಾಟರಿ, ಇಲ್ಲವೇ ಡೀಸೆಲ್. ಡೀಸೆಲ್ಲನ್ನು ಚಾಲೂ ಮಾಡುವ ಅಧಿಕಾರ ಹೊಸ ವಿನ್ಯಾಸದಲ್ಲಿ ಕಂಪ್ಯೂಟರಿನದು. ಅದಕ್ಕೂ ಕರೆಂಟು ಅದೇ ಬ್ಯಾಟರಿಯಿಂದ. ಸ್ವಲ್ಪ ಹೊತ್ತಿಗೆ ಆ ಸಣ್ಣ ದೀಪವೂ ಆರಿತು. ಪೆಟ್ಟಿಗೆಯೊಳಗೆ ಕೀಲಿಕೈ, ಪೆಟ್ಟಿಗೆಗೆ ಬೀಗ.

"ಹಳೇ ಜನರೇಟರಿಗೆ ಕೈಯಿಂದ ಚಾಲೂ ಮಾಡೋ ಪ್ಯಾನೆಲ್ ಇತ್ತಲ್ಲ, ಅದು?" ಎಂದು ಮ್ಯಾನೇಜರನ್ನು ಕೇಳಿದೆ.

"ಇನ್‌ಸ್ಟಾಲೇಷನ್ ಟೈಮಲ್ಲಿ ತೆಗೆದುಬಿಡ್ತೀವಿ ಮೇಡಂ. ಅದು ಡಿಸೈನ್‌ನಲ್ಲಿಲ್ಲ. ಲೋಕಲ್ ಆಪರೇಟರ್ ಏನೂ ಮುಟ್ಟೋ ಹಾಗಿಲ್ಲ, ಎಲ್ಲಾ ಇಲ್ಲಿಂದಲೇ ನೋಡ್ಕೋತೀವಿ."

ಇಲ್ಲಿಂದ ಎಂದರೆ ಟೊರಾಂಟೊಗೆ ಅಂಟಿಕೊಂಡ ರಿಚ್ಮಂಡ್ ಹಿಲ್ಲಿನ ಆಫೀಸಿನಿಂದ. ಅಲ್ಲಿ ಕರೆಂಟು ಹೋದರೆ ಕಾಫಿ ಯಂತ್ರ ನಿಲ್ಲುತ್ತದೆ. ಆ ಊರಿನಲ್ಲಿ ಮೈನಸ್ ನಲವತ್ತರಲ್ಲಿ ಕರೆಂಟು ಹೋಗಿ ಬಾರದಿದ್ದರೆ ನೀರಿನ ಪೈಪುಗಳು ಒಡೆಯುತ್ತವೆ, ಸಣ್ಣ ಆಸ್ಪತ್ರೆ ತಣ್ಣಗಾಗುತ್ತದೆ. ವಿಮಾನ ಇಳಿಯುವ ಹವೆ ಇರಬೇಕು, ಇಲ್ಲದಿದ್ದರೆ ಅದೂ ಇಲ್ಲ.

ಮರುದಿನ ಆಫೀಸಿನಲ್ಲಿ ಸಭೆ. ನಾನು ಹತ್ತು ನಿಮಿಷ ಮುಂಚೆಯೇ ಹೋಗಿ ಕೂತೆ. ಉಳಿದವರು ಕಾಫಿ ಹಿಡಿದು ನಿಧಾನಕ್ಕೆ ಬಂದರು. ಕಂಪನಿಯ ನಿರ್ದೇಶಕರು ಶಾಂತ ದನಿಯಲ್ಲಿ ಮಾತು ತೆಗೆದರು. ಮೊದಲ ಪರೀಕ್ಷೆಯ ಫಲಿತಾಂಶವನ್ನೇ ಇಟ್ಟುಕೊಳ್ಳೋಣ, ಷರಾ ಬರೆದು ಪಾಸು ಮಾಡೋಣ, ಕಂಟೇನರು ಹೋಗಲಿ, ಬೇಸಿಗೆಯಲ್ಲಿ ಯಾರನ್ನಾದರೂ ಕಳಿಸಿ ಸರಿಮಾಡಿಸೋಣ.

"ಬೇಸಿಗೆಯಲ್ಲಿ ಮೈನಸ್ ನಲವತ್ತು ಎಲ್ಲಿಂದ ತರ್ತೀರಿ?" ಎಂದೆ.

ಯಾರೋ ನಕ್ಕರು. ನಿರ್ದೇಶಕರು ನಗಲಿಲ್ಲ. "ನಿಮ್ಮ ಶಿಸ್ತಿನ ಬಗ್ಗೆ ನಮಗೆ ಗೌರವವಿದೆ. ಆದರೆ ಒಂದು ಯೋಚಿಸಿ. ನೀವು ಸಹಿ ಹಾಕದಿದ್ದರೆ ಆ ಊರು ಇನ್ನೊಂದು ವರ್ಷ ಡೀಸೆಲ್ ಸುಡುತ್ತದೆ. ಆ ಹೊಗೆಗೆ ಯಾರು ಹೊಣೆ? ಆ ಖಾಲಿ ಮನೆಗಳಿಗೆ ಯಾರು ಹೊಣೆ?"

ನನಗೆ ಸಿಟ್ಟು ಬಂದದ್ದು ಆಗ. ಆ ಮನೆಗಳ ನೆನಪು ಅವರಿಗೆ ವಿನ್ಯಾಸ ಮಾಡುವಾಗ ಬರಲಿಲ್ಲ, ಪರೀಕ್ಷೆ ಮಾಡುವಾಗ ಬರಲಿಲ್ಲ, ನನ್ನ ಸಹಿ ಬೇಕಾದಾಗ ಬಂತು. ಹಸಿರು ಎನ್ನುವ ಮಾತನ್ನು ಆ ಮೇಜಿನ ಸುತ್ತ ಒಬ್ಬೊಬ್ಬರೂ ಒಂದೊಂದು ಸಲ ಆಡಿದರು. ಎದ್ದು ಮೇಜು ಕುಟ್ಟಬೇಕೆನಿಸಿತು. ಕುಟ್ಟಲಿಲ್ಲ.

"ಆ ಊರಿನ ಆಪರೇಟರನ್ನ ಯಾರರೆ ಕೇಳೀರೇನು?" ಎಂದು ಮ್ಯಾನೇಜರ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ.

"ಅವರು ಇಲ್ಲೇ ಇದಾರೆ ಮೇಡಂ. ಕೆಳಗಡೆ. ಟ್ರೇನಿಂಗ್‌ಗೆ ಬಂದಿದಾರೆ."

"ಇಲ್ಲೇ? ಕೆಳಗ? ಮತ್ತ ಮ್ಯಾಲ ಕರದಿಲ್ಲ?"

"ಇದು ಟೆಕ್ನಿಕಲ್ ಮೀಟಿಂಗ್ ಅಲ್ವಾ..."

ನಾನು ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ.

ಕೆಳಗಿನ ಕೋಣೆಯಲ್ಲಿ ಐವತ್ತರ ಆಸುಪಾಸಿನ ದಪ್ಪನೆಯ ಗಂಡಸು ಒಬ್ಬರೇ ಕೂತಿದ್ದರು. ಎದುರಿನ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ತಮ್ಮಷ್ಟಕ್ಕೆ ಬದಲಾಗುತ್ತಿದ್ದವು. ಅವರ ದಪ್ಪ ಜಾಕೀಟು ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಕೂತಿತ್ತು. ನಾನು ಯಾರೆಂದು ಹೇಳಿದೆ.

"ಓ, ಸಹಿ ಹಾಕದ ಅಜ್ಜಿ ನೀವೇನಾ?" ಎಂದರು. ಇಲ್ಲಿ ಬರೆದದ್ದು ಅವರ ಇಂಗ್ಲಿಷಿನ ಕನ್ನಡ. ಅಜ್ಜಿ ಎನ್ನುವುದನ್ನು ಮಾತ್ರ ತಮ್ಮ ಭಾಷೆಯಲ್ಲೇ ಹೇಳಿ, ಅದು ಗೌರವದ ಮಾತು ಎಂದು ಸೇರಿಸಿದರು. ಮುಖದಲ್ಲಿ ಗೌರವ ಅಷ್ಟಾಗಿ ಕಾಣಲಿಲ್ಲ.

"ಹೌದು, ನಾನೇ. ಯಾಕೆ ಹಾಕಲಿಲ್ಲ ಅಂತ ಗೊತ್ತೇ?"

"ಇಲ್ಲ. ನನಗೆ ಗೊತ್ತಿರೋದು ಇಷ್ಟು. ನನ್ನ ಮಗಳು, ಅಳಿಯ, ಮೂರು ಮಕ್ಕಳು ನನ್ನ ಮನೆಯಲ್ಲಿದ್ದಾರೆ. ಅವರ ಮನೆ ನಮ್ಮ ಕಿಟಕಿಯಿಂದ ಕಾಣುತ್ತೆ. ಬಣ್ಣ ಹೊಡೆದಾಗಿದೆ, ಪರದೆ ಹಾಕಿಯಾಗಿದೆ, ಕರೆಂಟಿಲ್ಲ. ದಕ್ಷಿಣದವರು ನೀವು ಎಷ್ಟು ವರ್ಷದಿಂದ ಪರೀಕ್ಷೆ ಮಾಡ್ತಿದ್ದೀರಿ? ಕಳಿಸಿಬಿಡಿ. ಕೆಟ್ಟರೆ ನಾನು ನೋಡ್ಕೋತೀನಿ."

"ಹೇಗೆ ನೋಡ್ಕೋತೀರಿ?"

"ಬ್ಯಾಟರಿ ತಣ್ಣಗಾದರೆ ಗ್ಯಾಸ್ ಟಾರ್ಚ್ ಹಿಡಿದು ಬೆಚ್ಚಗೆ ಮಾಡ್ತೀನಿ. ಲಾರಿಯ ಇಂಜಿನ್ನಿಗೆ ಹಾಗೇ ಮಾಡೋದು."

"ಈ ಬ್ಯಾಟರಿಗೆ ಟಾರ್ಚ್ ಹಿಡಿದರೆ ಪವರ್‌ಹೌಸೂ ಇರೋದಿಲ್ಲ, ನೀವೂ ಇರೋದಿಲ್ಲ. ಇಷ್ಟು ದಿನ ಇಲ್ಲಿ ಕೂರಿಸಿ ಅದನ್ನಾದರೂ ಹೇಳಿಲ್ಲವೇ?"

"ಪರದೆ ಕೆಂಪಾದರೆ ಟೊರಾಂಟೊಗೆ ಫೋನ್ ಮಾಡಬೇಕು ಅಂತ ಹೇಳಿದ್ದಾರೆ," ಎಂದರು. ತಮ್ಮ ಫೋನನ್ನು ಮೇಜಿನ ಮೇಲಿಟ್ಟು, "ಕರೆಂಟು ಹೋದರೆ ನಮ್ಮ ಫೋನ್ ಟವರೂ ಹೋಗುತ್ತೆ," ಎಂದರು.

ನಾನು ಪರದೆಯನ್ನು ಆರಿಸಿ, ಬಿಳಿ ಹಲಗೆಯ ಮೇಲೆ ಹೀಟರು, ಬ್ಯಾಟರಿ, ಕಂಪ್ಯೂಟರು, ಡೀಸೆಲ್ ಎಲ್ಲವನ್ನೂ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದೆ. ಬಾಣಗಳು ಸುತ್ತಿ ಹೊರಟಲ್ಲಿಗೇ ಬಂದವು. ಅವರು ಬಹಳ ಹೊತ್ತು ನೋಡಿದರು. ಹಳೆಯ ಪ್ಯಾನೆಲ್ಲನ್ನು ತೆಗೆಯುತ್ತಾರೆ ಎಂದಾಗ ಕುರ್ಚಿಯಿಂದ ಎದ್ದೇಬಿಟ್ಟರು.

"ನನ್ನ ಜನರೇಟರು! ನನ್ನನ್ನು ಕೇಳದೆ?"

ನಮ್ಮಿಬ್ಬರ ಸಿಟ್ಟು ಒಂದೇ ಕಡೆ ತಿರುಗಿದ್ದು ಆ ಗಳಿಗೆಯಲ್ಲಿ. ಅವರಿಗೆ ನಾನು ಹುಬ್ಬಳ್ಳಿಯ ಒಂದು ಪದ್ಧತಿಯನ್ನು ಹೇಳಿದೆ. ನಮ್ಮಲ್ಲಿ ಲೈನ್‌ಮನ್ ಕಂಬ ಹತ್ತುವ ಮೊದಲು ಸ್ವೀಕರಣಾ ಕೇಂದ್ರದಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾನೆ. ಲೈನು ಆರಿಸಿದೆ, ನಿನ್ನ ಹೆಸರಿಗೆ ಕೊಟ್ಟಿದೆ ಎಂದು ನಾವು ಹೇಳಬೇಕು, ಅವನು ಅದನ್ನು ತಿರುಗಿ ಹೇಳಬೇಕು. ಕೆಲಸ ಮುಗಿದ ಮೇಲೆ ಅದನ್ನು ಹಿಂದಿರುಗಿಸುವವನೂ ಅವನೇ. ಮೇಲಧಿಕಾರಿ ಫೋನಿನಲ್ಲಿ ಕಿರುಚಿದರೂ, ಊರೇ ಕತ್ತಲಲ್ಲಿ ಕೂತು ಬೈದರೂ, ಆ ಒಬ್ಬ ಬಂದು ಹೇಳುವ ತನಕ ಲೈನಿಗೆ ಕರೆಂಟು ಬಿಡುವಂತಿಲ್ಲ. ತಂತಿಯ ಮೇಲೆ ಕೈಯಿಡುವವನ ಮಾತೇ ಕೊನೆಯದು.

"ನಮ್ಮಲ್ಲಿ ಅಷ್ಟೆಲ್ಲ ಇಲ್ಲ, ನಾನು ಜೋರಾಗಿ ಕೂಗ್ತೀನಿ," ಎಂದು ಅವರು ನಕ್ಕರು.

"ಹಾಗಾದರೆ ಈಗ ಮೇಲೆ ಬಂದು ಕೂಗಿ."

ಮೆಟ್ಟಿಲು ಹತ್ತುವಾಗಲೇ ನಾನು ನಿರ್ಧರಿಸಿದ್ದೆ. ಈ ಯಂತ್ರ ಹೋಗಬೇಕೋ ಬೇಡವೋ ಎನ್ನುವುದು ನನ್ನ ಪ್ರಶ್ನೆಯಲ್ಲ, ಕಂಪನಿಯದೂ ಅಲ್ಲ. ಅದನ್ನು ಆ ಚಳಿಯಲ್ಲಿ ಮುಟ್ಟುವವರು ಇವರು. ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಇವರ ಕಣ್ಣೆದುರು ತೋರಿಸಿ, ಇವರ ಬಾಯಿಂದ ಹೌದೆನ್ನಿಸಬೇಕು. ಅಷ್ಟಾದರೆ ನಾನು ಕಂಡದ್ದನ್ನು ಕಂಡಂತೆ ಬರೆದು ಸಹಿ ಹಾಕುತ್ತೇನೆ.

ಸಭೆಯಲ್ಲಿ ಆಪರೇಟರು ಎರಡೇ ಮಾತಾಡಿದರು. ಕೈಯಿಂದ ಚಾಲೂ ಮಾಡುವ ಪ್ಯಾನೆಲ್ ಉಳಿಯಬೇಕು. ಕಂಟೇನರನ್ನು ಕೈಯಿಂದಲೇ ಎಬ್ಬಿಸುವ ದಾರಿ ಬೇಕು. ಇಲ್ಲದಿದ್ದರೆ ಊರಿನ ಮುಖ್ಯಸ್ಥರಿಗೆ ಈಗಲೇ ಫೋನ್ ಮಾಡಿ, ಲಾರಿಯನ್ನು ಊರೊಳಗೆ ಬಿಡಬೇಡಿ ಎನ್ನುತ್ತೇನೆ ಎಂದರು. ನಿರ್ದೇಶಕರ ಶಾಂತ ದನಿ ಮೊದಲ ಸಲ ಏರಿತು. ಒಪ್ಪಂದದಲ್ಲಿಲ್ಲ, ಸುರಕ್ಷತಾ ಇನ್‌ಸ್ಪೆಕ್ಟರು ಒಪ್ಪಬೇಕು, ಸಮಯವಿಲ್ಲ.

"ಇನ್‌ಸ್ಪೆಕ್ಟರನ್ನ ಕರೀರಿ. ಬೈಯೋದಾದರೆ ಬಂದು ಬೈಯಲಿ," ಎಂದೆ. ಲಾರಿಯನ್ನೇ ಊರೊಳಗೆ ಬಿಡದಿದ್ದರೆ ಗತಿಯಿಲ್ಲವೆಂದು ನಿರ್ದೇಶಕರು ಕಡೆಗೆ ಒಪ್ಪಿದರು.

ಆ ವಾರದ ಶೀತಕೋಣೆ ಬೇರೆಯವರ ಪಾಲಾಗಿತ್ತು. ಮೈನಸ್ ನಲವತ್ತು ಇನ್ನು ಸಿಗುವಂತಿರಲಿಲ್ಲ. ಪದ್ಧತಿ ಬಿಡದವಳು ಎಂದು ನನ್ನ ಹೆಸರು. ಆದರೆ ನಾನೇ ಹೇಳಿದೆ, ಅಂಗಳದಲ್ಲಿ ನಿಲ್ಲಿಸಿ ಮಾಡೋಣ ಎಂದು. ಒಶಾವಾದಲ್ಲಿ ಆಗ ಮೈನಸ್ ಹದಿನೆಂಟರ ಚಳಿ ಬಿದ್ದಿತ್ತು. ಬ್ಯಾಟರಿಗೆ ಶೂನ್ಯದ ಕೆಳಗೆ ಹದಿನೆಂಟಾದರೂ ಒಂದೇ, ನಲವತ್ತಾದರೂ ಒಂದೇ. ಅದು ಎರಡರಲ್ಲೂ ಮುಷ್ಕರ ಹೂಡುತ್ತದೆ. ನಾವು ಒಡೆಯಬೇಕಿದ್ದದ್ದು ಆ ಸುತ್ತುವ ಬಾಣಗಳನ್ನು. ನಲವತ್ತರಲ್ಲಿ ರಬ್ಬರು, ಎಣ್ಣೆ, ತಿರುಪು ಹೇಗಿರುತ್ತವೆ ಎಂದು ನೋಡಿಲ್ಲ ಎಂಬುದನ್ನೂ ಬರೆಯುತ್ತೇನೆ ಎಂದೆ. ಮ್ಯಾನೇಜರು ನನ್ನನ್ನು ದಿಟ್ಟಿಸಿ ನೋಡಿದರು.

"ಮೇಡಂ, ನೀವೇ ರೂಲ್ಸ್ ಮುರೀತಿದೀರಾ?"

"ಮುರೀಲಿಕ್ಕೆ ಹತ್ತಿಲ್ಲ. ಏನ ಮುರದದ ಅಂತ ಬರೀಲಿಕ್ಕೆ ಹತ್ತೀನಿ. ನೀ ಮುಚ್ಚಲಿಕ್ಕೆ ಹತ್ತಿದ್ದಿ."

ಅವರ ಮುಖ ಕೆಂಪಾಯಿತು. ಆದರೆ ಸಂಜೆಯೊಳಗೆ ಇನ್‌ಸ್ಪೆಕ್ಟರ ಸಮಯ ಹಿಡಿದು ತಂದವರು ಅವರೇ. ಅಷ್ಟನ್ನು ಹೇಳದಿದ್ದರೆ ಅನ್ಯಾಯವಾದೀತು.

ಎಬ್ಬಿಸುವ ದಾರಿ ನನಗೆ ಹೊಳೆದದ್ದು ಅಂಗಳದಲ್ಲಿ. ಲೋಡಿಗಾಗಿ ಕಾಯುತ್ತಿದ್ದ ಲಾರಿಯೊಂದರ ಇಂಜಿನ್ ನಿಂತಿತ್ತು, ಆದರೂ ಡ್ರೈವರು ಒಳಗೆ ಬರೀ ಅಂಗಿಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಸೀಟಿನ ಕೆಳಗೆ ಡೀಸೆಲ್ ಸುಡುವ ಪುಟ್ಟ ಹೀಟರು, ಅದಕ್ಕೆ ಸಾಮಾನ್ಯ ಲಾರಿ ಬ್ಯಾಟರಿ. ಅಂಥದ್ದೊಂದನ್ನು ಕಂಟೇನರಿಗೆ ಕೂರಿಸಿದೆವು. ಅದರ ಬೆಂಕಿ ಹೊರಗಿನ ಪೆಟ್ಟಿಗೆಯಲ್ಲಿ, ಬಿಸಿಗಾಳಿ ಮಾತ್ರ ಒಳಗೆ. ಅದಕ್ಕೆ ಬೇರೆಯದೇ ಬ್ಯಾಟರಿ, ಬೇರೆಯದೇ ಸ್ವಿಚ್ಚು, ಕಂಪ್ಯೂಟರಿನ ಹಂಗಿಲ್ಲ. ಪಕ್ಕದಲ್ಲಿ ಇನ್ನೊಂದು ದೊಡ್ಡ ಸ್ವಿಚ್ಚು: ಒಂದು ಕಡೆ ತಿರುಗಿಸಿದರೆ ಜನರೇಟರು ಕಂಪ್ಯೂಟರಿನ ಮಾತು ಕೇಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಮನುಷ್ಯನ ಮಾತು. ಊರಿನ ಜನರೇಟರಿನ ಬದಲಿಗೆ ಬಾಡಿಗೆಯದೊಂದನ್ನು ತಂದು ನಿಲ್ಲಿಸಿದೆವು. ವೈರಿಂಗ್ ಮಾಡುತ್ತಾ ಟೆಕ್ನಿಷಿಯನ್ ಎರಡು ಸಲ ನನ್ನ ಕಾರಿನ ಡಿಕ್ಕಿಯ ಕಡೆ ನೋಡಿ ಹಲ್ಲುಕಿರಿದ. ಇನ್‌ಸ್ಪೆಕ್ಟರು ಬಂದು, ಒಂದು ಜೋಡಣೆ ಬಿಚ್ಚಿಸಿ ಮತ್ತೆ ಹಾಕಿಸಿ, ಗೊಣಗುತ್ತಲೇ ಒಪ್ಪಿಗೆಯ ಚೀಟಿ ಅಂಟಿಸಿ ಹೋದರು.

ಬಾಗಿಲು ತೆರೆದಿಟ್ಟು ಕಂಟೇನರನ್ನು ಚಳಿಗೆ ಬಿಟ್ಟೆವು. ಒಳಗಿನ ಉಷ್ಣತೆ ಹೊರಗಿನದಕ್ಕೆ ಸಮನಾದ ಬೆಳಿಗ್ಗೆ ಎಲ್ಲ ವೈರುಗಳನ್ನೂ ಬಿಡಿಸಿ, ನಾನು ಸುತ್ತು ಬಂದು ನೋಡಿ, ಆಪರೇಟರಿಗೆ ಕೈ ಮಾಡಿದೆ. ಕಂಪನಿಯವರು ಗೆರೆಯ ಆಚೆ ನಿಲ್ಲಬೇಕು, ಯಾರೂ ಬಾಯಿ ಬಿಡಬಾರದು ಎಂದು ಮೊದಲೇ ಹೇಳಿದ್ದೆ.

ಅವರು ಹೀಟರಿನ ಸ್ವಿಚ್ಚು ಒತ್ತಿದರು. ಫ್ಯಾನ್ ತಿರುಗಿತು, ಟಿಕ್ ಟಿಕ್ ಎಂದಿತು, ಒಂದು ಸಲ ಕೆಮ್ಮಿದಂತೆ ಮಾಡಿ ನಿಂತಿತು. ಮತ್ತೆ ಒತ್ತಿದರು. ಮತ್ತೆ ಕೆಮ್ಮು.

ಮ್ಯಾನೇಜರು ಗೆರೆಯ ಆಚೆಯಿಂದಲೇ, "ಹೇಳಿರ್ಲಿಲ್ವಾ ಮೇಡಂ..." ಎಂದರು.

"ಬಾಯಿ!" ಎಂದೆ.

ಆಪರೇಟರು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ಮೇಲೆತ್ತಿದರು. ಡೀಸೆಲ್ ಮೊಸರಿನ ಹಾಗೆ ಜೋತಾಡುತ್ತಿತ್ತು. ಟೆಕ್ನಿಷಿಯನ್ ಶೆಡ್ಡಿನ ಮೂಲೆಯಲ್ಲಿದ್ದ ಹಳೆಯ ಡಬ್ಬದಿಂದ ಬೇಸಿಗೆಯ ಡೀಸೆಲ್ ಸುರಿದಿದ್ದ. ಚಳಿಗೆ ಬೇರೆಯದೇ ಡೀಸೆಲ್ ಬೇಕು.

"ಇದು ಸೂಪು. ಚಮಚ ಇದ್ದರೆ ತನ್ನಿ," ಎಂದು ಆಪರೇಟರು ಅವನ ಬೆನ್ನು ತಟ್ಟಿದರು. ಅವನು ತಲೆ ಕೆರೆದುಕೊಂಡು ಚಳಿಗಾಲದ ಡೀಸೆಲ್ ತರಲು ಓಡಿದ. ಟ್ಯಾಂಕು, ಪೈಪು, ಫಿಲ್ಟರು ಎಲ್ಲ ಬರಿದು ಮಾಡಿ, ಒರೆಸಿ, ತುಂಬುವುದರಲ್ಲಿ ಆ ದಿನ ಹೋಯಿತು. ಮಂಜಿನ ದಾರಿಯಲ್ಲಿ ಭಾರದ ಲಾರಿಗಳನ್ನು ಇನ್ನು ಕೆಲವೇ ದಿನ ಬಿಡುತ್ತಾರೆಂದು ಲಾರಿ ಕಂಪನಿಯಿಂದ ಸುದ್ದಿ ಬಂತು. ಮ್ಯಾನೇಜರು ಊಟ ಮಾಡಲಿಲ್ಲ. ನನ್ನ ಡಬ್ಬಿಯ ಚಪಾತಿ ಮುಂದಿಟ್ಟು, "ತಿನ್ನಪಾ, ಸಿಟ್ಟಿಗೂ ಹೊಟ್ಟಿಗೂ ಸಂಬಂಧ ಇಲ್ಲ," ಎಂದೆ. ತಿಂದರು.

ಮರುದಿನ ಬೆಳಿಗ್ಗೆ ಹೀಟರು ಹೊತ್ತಿಕೊಂಡಿತು. ಬ್ಯಾಟರಿಯ ಉಷ್ಣತೆ ಏರುವುದನ್ನು ಕಾಯುತ್ತಾ ಎಲ್ಲರೂ ಅಂಗಳದಲ್ಲಿ ಕಾಲು ಕುಟ್ಟುತ್ತಾ ನಿಂತೆವು. ಮಧ್ಯಾಹ್ನವಾಯಿತು. ಕಡೆಗೆ ಒಳಗಿನ ದೊಡ್ಡ ಸ್ವಿಚ್ಚು ಠಕ್ ಎಂದು ಕೂತ ಸದ್ದು ಗೆರೆಯ ಆಚೆಗೂ ಕೇಳಿಸಿತು. ಆಮೇಲೆ ಆಪರೇಟರು ಎಲ್ಲವನ್ನೂ ಮತ್ತೆ ಆರಿಸಿ, ಬ್ಯಾಟರಿಯೇ ಸತ್ತಿದೆ ಎಂದುಕೊಂಡು, ಬರೀ ಜನರೇಟರನ್ನು ಕೈಯಿಂದ ಚಾಲೂ ಮಾಡಿದರು. ಅದೂ ಎದ್ದಿತು. ಯಾರೂ ಹೇಳದಿದ್ದರೂ ಮೂರನೆಯ ಸಲ ಮಾಡಿದರು. ನನಗೆ ಅದು ಹಿಡಿಸಿತು.

"ಮೈನಸ್ ನಲವತ್ತರಲ್ಲಿ ತಾನಾಗಿ ಏಳುವ ಪರೀಕ್ಷೆ: ಫೇಲು. ಮೈನಸ್ ಹದಿನೆಂಟರಲ್ಲಿ ಮನುಷ್ಯ ಎಬ್ಬಿಸುವ ಪರೀಕ್ಷೆ: ಪಾಸು. ನಲವತ್ತರಲ್ಲಿ ಎಬ್ಬಿಸಿ ನೋಡಿಲ್ಲ. ಹೀಗೆ ಬರೆಯುತ್ತೇನೆ. ನಿಮಗೆ ಬೇಕೇ, ಬೇಡವೇ?" ಎಂದು ಅವರನ್ನು ಕೇಳಿದೆ.

ಅವರು ನಾನು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ತಿರುಗಿ ಹೇಳಿದರು. ನಗಲಿಲ್ಲ. "ಬೇಕು," ಎಂದರು.

ಫೇಲು ಎಂಬ ಮಾತಿರುವ ವರದಿಯನ್ನು ಕಳಿಸಬಾರದೆಂದು ನಿರ್ದೇಶಕರಿಂದ ಫೋನು ಬರುವ ಹೊತ್ತಿಗೆ ಅದು ಆಪರೇಟರ ಜಾಕೀಟಿನ ಒಳಜೇಬಿನಲ್ಲಿತ್ತು, ಊರಿನ ಮುಖ್ಯಸ್ಥರಿಗೂ ಹೋಗಿಯಾಗಿತ್ತು. ಲಾರಿ ಆ ಸಂಜೆಯೇ ಹೊರಟಿತು. ದಾರಿ ಮುಚ್ಚುವ ಮುಂಚೆ ಊರು ಮುಟ್ಟಿದ ಕೊನೆಯ ಭಾರದ ಲಾರಿಗಳಲ್ಲಿ ಅದೂ ಒಂದು ಎಂದು ಆಮೇಲೆ ಕೇಳಿದೆ. ಬೇಸಿಗೆ ಮುಗಿಯುವುದರೊಳಗೆ ಹೊಸ ಮನೆಗಳಿಗೆ ಕನೆಕ್ಷನ್ ಕೊಟ್ಟರು.

ಮರುವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ತಿಂಡಿ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಆಪರೇಟರ ಫೋನು ಬಂತು. ಹಿಂದಿನ ದಿನ ಬಿರುಗಾಳಿಗೆ ಲೈನು ಬಿದ್ದು, ಡೀಸೆಲ್ ನಿಂತು, ಕಂಪ್ಯೂಟರೂ ಆರಿ, ಇಡೀ ಊರು ಕತ್ತಲಾಗಿತ್ತಂತೆ. ಫೋನ್ ಟವರೂ ಇಲ್ಲ. ಅವರು ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಪವರ್‌ಹೌಸಿಗೆ ಹೋಗಿ, ಲೈನು ಸರಿಯಾಗುವ ಹೊತ್ತಿಗೆ ಜನರೇಟರನ್ನು ಕೈಯಿಂದ ಎಬ್ಬಿಸಿದರಂತೆ. ಕಂಟೇನರಿನ ಹೀಟರಿನ ಗುಂಡಿ ಚಳಿಗೆ ಬಿಗಿದುಕೊಂಡಿತ್ತು, ಸುತ್ತಿಗೆಯ ಹಿಡಿಯಿಂದ 'ಮಾತಾಡಿಸಬೇಕಾಯಿತು'. ನೀರಿನ ಪೈಪು ಒಡೆಯಲಿಲ್ಲ. ಮಗಳು ಮಾತ್ರ ತನ್ನ ಹೊಸ ಮನೆಯಿಂದ ಮಕ್ಕಳನ್ನೆಲ್ಲ ಕಟ್ಟಿಕೊಂಡು ಮತ್ತೆ ಇವರ ಮನೆಗೇ ಬಂದು ಕೂತಿದ್ದಳಂತೆ.

"ಈಗ ವಾಪಸು ಹೋದರಾ?" ಎಂದೆ.

"ದೀಪ ಬಂದ ಕೂಡಲೇ ಓಡಿಸಿದೆ. ಒಂದು ವಿಷಯ ಗೊತ್ತಾ? ನಿಮ್ಮ ಮ್ಯಾನೇಜರು ಫೋನ್ ಮಾಡಿ ಅಭಿನಂದನೆ ಹೇಳಿದರು. ಟೊರಾಂಟೊದ ಪರದೆಯಲ್ಲಿ, ಸಿಸ್ಟಮ್ಮು ಆಟೋಮ್ಯಾಟಿಕ್ಕಾಗಿ ಎದ್ದಿದೆ ಅಂತ ಬಂದಿದೆಯಂತೆ. ಹೌದು, ಆಟೋಮ್ಯಾಟಿಕ್ಕೇ, ಊರಲ್ಲಿ ನನ್ನನ್ನು ಹಾಗೇ ಕರೀತಾರೆ ಅಂದೆ."

ಅವರು ಬಹಳ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ. ಫೋನಿಟ್ಟು ಮ್ಯಾನೇಜರ ನಂಬರು ಒತ್ತಿದೆ.

"ಆ ದಾಖಲೆ ತಿದ್ದು. ಒಬ್ಬ ಮನುಷ್ಯಾ ಹೋಗಿ ಎಬ್ಬಿಸ್ಯಾನ ಅಂತ ಬರಿ."

"ಮೇಡಂ, ಅದರಲ್ಲಿ ಎರಡೇ ಆಪ್ಷನ್ ಇರೋದು. ಆಟೋ ರಿಕವರಿ, ಇಲ್ಲಾಂದ್ರೆ ಫೇಲ್ಯೂರ್. ಫೇಲ್ಯೂರ್ ಅಂತ ಹಾಕೋಕೆ ಆಗುತ್ತಾ? ಕರೆಂಟು ಬಂತಲ್ಲ."

"ಆಟೋ ಅಂತ ಹಾಕಿದರ, ಮುಂದಿನ ಊರಿಗೆ ಆ ಕೈ ಸ್ವಿಚ್ಚು ಯಾಕ ಬೇಕು ಅಂತ ಕೇಳ್ತಾರ. ಇಡೂದಿಲ್ಲ ನೀವು."

ಆ ಕಡೆ ಅವರ ಇನ್ನೊಂದು ಫೋನು ಎಲ್ಲೋ ರಿಂಗಾಗುತ್ತಿತ್ತು, ಅವರು ಅದನ್ನು ಎತ್ತಲಿಲ್ಲ.

"ಇಡ್ತಾ ಇಲ್ಲ ಮೇಡಂ. ಮುಂದಿನ ಕಂಟೇನರ್ ಒಶಾವಾದಲ್ಲಿ ರೆಡಿ ಆಗ್ತಿದೆ. ಸ್ವಿಚ್ಚಿಲ್ದೇನೇ ಇವತ್ತು ಪ್ಯಾನೆಲ್ ಬಾಗಿಲು ಹಾಕಿ ಸೀಲ್ ಮಾಡ್ತಾರೆ."

"ಹಾಕಬ್ಯಾಡ ಅನ್ನು."

"ಆಂಟಿ, ಪ್ಲೀಸ್, ನೀವು ಈ ಪ್ರಾಜೆಕ್ಟಿನಲ್ಲೇ ಇಲ್ಲ..."

"ನಾ ಒಶಾವಾಕ್ಕ ಹೊರಟೆ," ಎಂದು ಫೋನಿಟ್ಟೆ. ಕಾರಿನ ಗಾಜಿನ ಮೇಲೆ ಬಿದ್ದಿದ್ದ ಹಿಮ ಕೆರೆಯುವಷ್ಟು ಹೊತ್ತು ತಡವಾಯಿತು, ಅಷ್ಟೇ.